ಟಾಟಾ ಏಸ್‌ಗೆ ಸೂಪರ್ ಏಸ್ ಎಂಜಿನ್ ಕೂರಿಸಬಹುದೇ?

ಪ್ರಶ್ನೆ: ನನ್ನ ಹತ್ತಿರ 2012ರ ಟಾಟಾ ಏಸ್ ಡೀಸೆಲ್ ಇದೆ. ಕೋಲಾರ ಎಪಿಎಂಸಿಯಿಂದ ಬೆಂಗಳೂರಿನ ಮಾರ್ಕೆಟ್‌ಗೆ ದಿನಾ ಟೊಮೆಟೊ ತರುತ್ತೇನೆ, ಸಾಮಾನ್ಯವಾಗಿ 80 ಬಾಕ್ಸ್. ಹೋಗಿಬರಲು ಸುಮಾರು 120 ಕಿ.ಮೀ. ಈಗ ಪಿಕಪ್ ಇಲ್ಲ, ಹೊಗೆ ಜಾಸ್ತಿ. ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್ ಏರುವಾಗ ಸೆಕೆಂಡ್ ಗೇರ್‌ಗೆ ಇಳಿಸಬೇಕು. ಸೂಪರ್ ಏಸ್‌ನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ ಹಾಕಿಸಿದರೆ ಗಾಡಿ ಹಾರುತ್ತದೆ, ಎಲ್ಲಾ ಸೇರಿ ₹1.40 ಲಕ್ಷ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಕಿಸಲೇ, ಅಥವಾ ಇದೇ ಎಂಜಿನ್ ಬೋರ್ ಮಾಡಿಸಲೇ (ಸವೆದ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸಲೇ)?

ಉತ್ತರ: ಹಾಕಿಸಬೇಡಿ. ಬೋರ್ ಮಾಡಿಸುವುದನ್ನೂ ಈಗಲೇ ತೀರ್ಮಾನಿಸಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ಅರ್ಧಕ್ಕೆ ಕಾರಣ ಎಂಜಿನ್ ಅಲ್ಲ, ಆ 80 ಬಾಕ್ಸ್. ಅದರ ಲೆಕ್ಕ ಮೊದಲು ನೋಡೋಣ.

ಕೋಲಾರದ ಬಾಕ್ಸ್ ಅಂದರೆ 15 ಕೆಜಿ ಹಣ್ಣು. ಪ್ಲಾಸ್ಟಿಕ್ ಕ್ರೇಟ್‌ಗೆ ಒಂದೂವರೆ ಕೆಜಿ ಹಿಡಿಯಿರಿ. 80 ಬಾಕ್ಸ್‌ಗೆ 1,320 ಕೆಜಿ ಆಯಿತು. ಖಾಲಿ ಗಾಡಿ ಸುಮಾರು 800, ಡ್ರೈವರ್ ಮತ್ತು ಹೆಲ್ಪರ್ 130. ಒಟ್ಟು 2,250 ಕೆಜಿ. ಈ ಗಾಡಿಗೆ ಕಂಪನಿ ಕೊಟ್ಟಿರುವ ಒಟ್ಟು ತೂಕದ ಮಿತಿ 1,550. ನಿಮ್ಮ ಆರ್‌ಸಿಯಲ್ಲೂ ಬರೆದಿರುತ್ತದೆ, ತೆಗೆದು ನೋಡಿ. ಅಂದರೆ ದಿನಾ 700 ಕೆಜಿ ಓವರ್‌ಲೋಡ್. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಓವರ್‌ಲೋಡ್ ದಂಡ ಶುರುವಾಗುವುದೇ ₹20,000ದಿಂದ, ಮೇಲಿನ ಪ್ರತಿ ಟನ್ನಿಗೆ ಇನ್ನೂ ₹2,000. ದಂಡದ ಮಾತು ಪಕ್ಕಕ್ಕಿರಲಿ, ಏರಿನಲ್ಲಿ ಏನಾಗುತ್ತದೆ ಅನ್ನುವುದು ಮುಖ್ಯ.

ನೂರು ಮೀಟರ್‌ಗೆ ಐದು ಮೀಟರ್ ಏರುವ ರಸ್ತೆ ಎಂದಿಟ್ಟುಕೊಳ್ಳಿ. 1,550 ಕೆಜಿಯ ಗಾಡಿ ಅದನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಏರಲು, ಗೇರ್‌ಬಾಕ್ಸ್ ಮತ್ತು ಹೌಸಿಂಗ್‌ನಲ್ಲಿ (ಹಿಂದಿನ ಆ್ಯಕ್ಸೆಲಿನ ಗೇರ್ ಪೆಟ್ಟಿಗೆ) ಹೋಗುವ ನಷ್ಟ ಸೇರಿ, ಹನ್ನೆರಡೂವರೆ ಎಚ್‌ಪಿ ಸಾಕು. 2,250 ಕೆಜಿಯ ಗಾಡಿಗೆ ಅದೇ ಏರು, ಅದೇ ವೇಗಕ್ಕೆ 18 ಎಚ್‌ಪಿ ಬೇಕು. ನಿಮ್ಮ 702 ಸಿಸಿ ಎಂಜಿನ್ ಹೊಸದಾಗಿದ್ದಾಗಲೇ ಕೊಡುತ್ತಿದ್ದದ್ದು 16. ಅದೂ ಸಮುದ್ರ ಮಟ್ಟದ ಹತ್ತಿರ. ಬೆಂಗಳೂರು, ಕೋಲಾರ ಎರಡೂ 800-900 ಮೀಟರ್ ಎತ್ತರದ ಬಯಲು. ಇಲ್ಲಿ ಗಾಳಿ ಶೇ. 8-9ರಷ್ಟು ತೆಳು. ಟರ್ಬೊ ಇಲ್ಲದ ಡೀಸೆಲ್ ಎಂಜಿನ್‌ಗೆ ಸಿಗುವ ಗಾಳಿ ಅಷ್ಟು ಕಡಿಮೆ, ಬಿಸಿಲು ಸೇರಿದರೆ ಇನ್ನೂ ಕಡಿಮೆ. ಹದಿನಾಲ್ಕೂವರೆ ಎಚ್‌ಪಿ ಸಿಕ್ಕರೆ ಹೆಚ್ಚು. ಹಾಗಾಗಿ ಎಂಜಿನ್ ಷೋರೂಮಿನಿಂದ ಬಂದ ಹಾಗೆ ಇದ್ದರೂ 80 ಬಾಕ್ಸ್ ಹೊತ್ತು ಆ ಏರನ್ನು 23-24 ಕಿ.ಮೀ. ವೇಗದಲ್ಲಿ, ಕೆಳಗಿನ ಗೇರ್‌ನಲ್ಲೇ ಏರಬೇಕು. ಹೊಗೆಯೂ ಬರುತ್ತದೆ, ಯಾಕೆಂದರೆ ಕಾಲು ಪೂರ್ತಿ ಒತ್ತಿದಾಗ ಪಂಪ್ ಡೀಸೆಲ್ ಪೂರ್ತಿ ಕೊಡುತ್ತದೆ, ಅದಕ್ಕೆ ತಕ್ಕ ಗಾಳಿ ಇರುವುದಿಲ್ಲ.

ಆದ್ದರಿಂದ ಮೊದಲ ಪರೀಕ್ಷೆಗೆ ಪಾನಾ (ಸ್ಪ್ಯಾನರ್) ಬೇಕಿಲ್ಲ. ಒಂದು ದಿನ 35 ಬಾಕ್ಸ್ ಮಾತ್ರ ಹಾಕಿ, ವೇಬ್ರಿಡ್ಜ್‌ನಲ್ಲಿ ಒಟ್ಟು ತೂಕ 1,550 ದಾಟಿಲ್ಲ ಅಂತ ಚೀಟಿ ತೆಗೆದುಕೊಂಡು ಅದೇ ಬ್ರಿಡ್ಜ್ ಏರಿಸಿ. ಥರ್ಡ್ ಗೇರ್‌ನಲ್ಲಿ ಸಲೀಸಾಗಿ ಏರಿದರೆ ಎಂಜಿನ್‌ಗೆ ದೊಡ್ಡ ಕಾಯಿಲೆ ಇಲ್ಲ. ಆಗಲೂ ಏದುಸಿರು ಬಿಟ್ಟರೆ ಮುಂದಿನದು ಓದಿ.

ಮೆಕ್ಯಾನಿಕ್ ಹೇಳಿದ ಎಂಜಿನ್ ವಿಷಯಕ್ಕೆ ಬರೋಣ. ಅವರಿಗೆ ಈ ಆಲೋಚನೆ ಯಾಕೆ ಬಂತು ಅಂತ ಗೊತ್ತಾಗುತ್ತದೆ. ಏಸ್‌ನ 275 ಮತ್ತು ಸೂಪರ್ ಏಸ್‌ನ 475 ಎಂಜಿನ್‌ಗಳು ಒಂದೇ ಮನೆತನದವು. ಎರಡರದ್ದೂ ಬೋರ್ (ಸಿಲಿಂಡರಿನ ಅಗಲ) 75 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 79.5 ಮಿ.ಮೀ. ಇಂಡಿಕಾದಲ್ಲಿದ್ದ 1,405 ಸಿಸಿ ಎಂಜಿನ್ನಿನ ಸರಿಯಾಗಿ ಅರ್ಧ ನಿಮ್ಮ ಗಾಡಿಯದ್ದು. ಸಂಬಂಧಿಕರೇ ತಾನೆ, ಕೂರುತ್ತದೆ ಅನಿಸುತ್ತದೆ. ಆದರೆ ಎರಡು ಸಿಲಿಂಡರ್ ಹೆಚ್ಚು ಅಂದರೆ ಬೋರ್‌ಗಳ ಅಗಲವನ್ನಷ್ಟೇ ಲೆಕ್ಕ ಹಾಕಿದರೂ ಎಂಜಿನ್ 150 ಮಿ.ಮೀ. ಉದ್ದ. ನಡುವಿನ ಗೋಡೆ ಸೇರಿದರೆ ಇನ್ನೂ ಹೆಚ್ಚು. ಸೀಟಿನ ಕೆಳಗಿನ ಆ ಗೂಡಿನಲ್ಲಿ ಅಷ್ಟು ಜಾಗ ಮಾಡಲು ಒಂದೋ ಗೇರ್‌ಬಾಕ್ಸ್ ಹಿಂದೆ ತಳ್ಳಿ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು, ಇಲ್ಲವೇ ಚಾಸಿಯ ಕ್ರಾಸ್ ಮೆಂಬರ್ ಕತ್ತರಿಸಬೇಕು. ಎರಡನೆಯದನ್ನು ಯಾರಾದರೂ ಹೇಳಿದರೆ ಆ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ. ಕತ್ತರಿಸಿ ವೆಲ್ಡಿಂಗ್ ಮಾಡಿದ ಚಾಸಿ ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಓವರ್‌ಲೋಡ್ ಗಾಡಿಯಲ್ಲಿ ಬೇಗ ಬಿಡುತ್ತದೆ. ಶಾಫ್ಟ್ ಗಿಡ್ಡ ಮಾಡಿದರೆ ಜಾಯಿಂಟ್ ಕ್ರಾಸ್‌ಗಳ ಕೋನ ಹೆಚ್ಚುತ್ತದೆ. ಎರಡೂ ತುದಿಯ ಕೋನ ಸಮ ಇರದಿದ್ದರೆ 50 ಕಿ.ಮೀ. ದಾಟಿದ ಕೂಡಲೇ ನಡುಕ, ಆಮೇಲೆ ಗೇರ್‌ಬಾಕ್ಸ್ ಹಿಂದಿನ ಆಯಿಲ್ ಸೀಲ್, ಆಮೇಲೆ ಬೇರಿಂಗ್.

ಇದಕ್ಕಿಂತ ದೊಡ್ಡ ತೊಂದರೆ ಟಾರ್ಕ್, ಅಂದರೆ ತಿರುಗಿಸುವ ಬಲ. ನಿಮ್ಮ ಎಂಜಿನ್ ಕೊಡುವುದು ಸುಮಾರು 38 ನ್ಯೂಟನ್ ಮೀಟರ್. ಸೂಪರ್ ಏಸ್‌ನ ಟರ್ಬೊ 70 ಎಚ್‌ಪಿ, 135 ನ್ಯೂಟನ್ ಮೀಟರ್, ಅಂದರೆ ಮೂರೂವರೆ ಪಟ್ಟು. ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್, ಜಾಯಿಂಟ್ ಕ್ರಾಸ್, ಹೌಸಿಂಗ್ ಒಳಗಿನ ಗೇರ್‌ಗಳಾದ ಕ್ರೌನ್-ಪಿನಿಯನ್, ಆ್ಯಕ್ಸೆಲ್ ಶಾಫ್ಟ್ ಎಲ್ಲವೂ 38ಕ್ಕೆ ಲೆಕ್ಕ ಹಾಕಿ ಮಾಡಿದವು. ಮೊದಲು ಕ್ಲಚ್ ಸ್ಲಿಪ್ ಆಗುತ್ತದೆ. ಅದು ಒಳ್ಳೆಯದೇ, ಫ್ಯೂಸ್ ಇದ್ದ ಹಾಗೆ ಮುಂದಿನ ಭಾಗಗಳನ್ನು ಉಳಿಸುತ್ತದೆ. ದೊಡ್ಡ ಕ್ಲಚ್ ಹಾಕಿದಿರೋ, ಪೆಟ್ಟು ಕ್ರೌನ್-ಪಿನಿಯನ್‌ಗೆ ವರ್ಗ. ಖಾಲಿ ಗಾಡಿಯಲ್ಲಿ ಚಕ್ರ ಜಾರಿಬಿಡುವುದರಿಂದ ಹೌಸಿಂಗ್ ಬದುಕುತ್ತದೆ. ಲೋಡ್ ಇದ್ದಾಗ ಟೈರ್ ರಸ್ತೆ ಬಿಡುವುದಿಲ್ಲ, ಪೂರ್ತಿ ಟಾರ್ಕ್ ಹಲ್ಲುಗಳ ಮೇಲೆ. ಟ್ರಯಲ್ ನೋಡುವಾಗ ಚೆನ್ನಾಗಿ ಓಡಿದ ಗಾಡಿ ಲೋಡ್ ಹಾಕಿದ ತಿಂಗಳೊಳಗೆ ಹೌಸಿಂಗ್ ಶಬ್ದ ಮಾಡುವುದು ಇದೇ ಕಾರಣಕ್ಕೆ.

ಹಾಗಾದರೆ ಗೇರ್‌ಬಾಕ್ಸ್, ಹೌಸಿಂಗ್ ಕೂಡ ಸೂಪರ್ ಏಸ್‌ನದ್ದೇ ಹಾಕೋಣ ಅನ್ನುತ್ತಾರೆ. ಆಗ ಹಬ್, ಡ್ರಮ್, ರಿಮ್, ಸ್ಪ್ರಿಂಗ್ ಕೂರುವ ಜಾಗ ಎಲ್ಲಾ ಬದಲಾಗುತ್ತದೆ. ರೇಡಿಯೇಟರ್ ಏಸ್‌ನದ್ದು ಸಾಲದು. ಡೀಸೆಲ್ ಎಂಜಿನ್ ಚಕ್ರಕ್ಕೆ ಎಷ್ಟು ಶಕ್ತಿ ಕೊಡುತ್ತದೋ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ನೀರಿಗೂ ಕೊಡುತ್ತದೆ. ಇಂಟರ್‌ಕೂಲರ್‌ಗೆ ಗಾಳಿ ತಾಗುವ ಜಾಗ, ಟರ್ಬೊಗೆ ಆಯಿಲ್ ಹೋಗಿಬರುವ ಪೈಪ್, ದಪ್ಪದ ಸೈಲೆನ್ಸರ್ ಪೈಪ್, ಡೀಸೆಲ್ ರಿಟರ್ನ್ ಲೈನ್, ಸೀಟಿನ ಕೆಳಗೆ ಟರ್ಬೊ ಬಿಸಿ ತಡೆಯುವ ಶೀಲ್ಡ್, ಇವೆಲ್ಲ ಆ ₹1.40 ಲಕ್ಷದಲ್ಲಿ ಸೇರಿವೆಯೇ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬಹುಶಃ ಸೇರಿರುವುದಿಲ್ಲ. ಕಾಮನ್ ರೈಲ್ (ಕಂಪ್ಯೂಟರ್ ಡೀಸೆಲ್ ಅಳೆದು ಬಿಡುವ) ಎಂಜಿನ್ ತಂದರಂತೂ ಇಸಿಯು (ಆ ಕಂಪ್ಯೂಟರ್), ಪೂರ್ತಿ ವೈರಿಂಗ್, ಎಲೆಕ್ಟ್ರಾನಿಕ್ ಆ್ಯಕ್ಸಿಲರೇಟರ್ ಪೆಡಲ್ ಅದೇ ಗಾಡಿಯದ್ದೇ ಬರಬೇಕು. ಒಂದು ಸೆನ್ಸರ್ ಸರಿ ಇಲ್ಲದಿದ್ದರೂ ಗಾಡಿ ಲಿಂಪ್ ಮೋಡ್‌ಗೆ ಹೋಗಿ ಈಗಿನ ಏಸ್‌ಗಿಂತ ನಿಧಾನ ಓಡುತ್ತದೆ.

ಇಂಡಿಕಾ ಎಂಜಿನ್ ಅಗ್ಗಕ್ಕೆ ಸಿಗುತ್ತದೆ ಅನ್ನುವವರೂ ಇದ್ದಾರೆ. ಅದು ಅಡ್ಡ ಕೂರುವ, ಮುಂದಿನ ಚಕ್ರ ತಿರುಗಿಸುವ ಎಂಜಿನ್. ಬೆಲ್ ಹೌಸಿಂಗ್, ಸಂಪ್, ಮೌಂಟಿಂಗ್ ಯಾವುದೂ ನಿಮ್ಮ ಗಾಡಿಯ ದಿಕ್ಕಿಗೆ ಹೊಂದುವುದಿಲ್ಲ. ಅದರ ಮೇಲೆ ಸಮಯ ಕಳೆಯಬೇಡಿ.

ಬ್ರೇಕ್ ಬಗ್ಗೆ ಯಾರೂ ಮಾತಾಡುವುದಿಲ್ಲ. ವೇಗ 50ರಿಂದ 70ಕ್ಕೆ ಏರಿದರೆ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಎರಡು ಪಟ್ಟು. ತೂಕ 1,550ರಿಂದ 2,250ಕ್ಕೆ ಏರಿದರೆ ಅದರ ಮೇಲೆ ಇನ್ನೂ ಒಂದೂವರೆ ಪಟ್ಟು. ಎರಡೂ ಸೇರಿ ಮೂರು ಪಟ್ಟಿನ ಹತ್ತಿರ. ಸದ್ಯ ನಿಮ್ಮ ಎಂಜಿನ್‌ನ ಬಡತನವೇ ನಿಮ್ಮ ಬ್ರೇಕನ್ನು ಕಾಪಾಡುತ್ತಿದೆ. ಹೊಸಕೋಟೆ ಹೆದ್ದಾರಿಯಲ್ಲಿ 12 ಇಂಚಿನ ಚಕ್ರದ ಗಾಡಿಯನ್ನು ಆ ತೂಕದಲ್ಲಿ 70-80ಕ್ಕೆ ಓಡಿಸುವುದು ಬೇಡ.

ಕಾಗದ ಪತ್ರದ ಮಾತು. ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಅನುಮೋದಿತ ಕಿಟ್ ಮೂಲಕ ಬದಲಾಯಿಸಲು ಅದೇ ಕಲಮಿನಲ್ಲಿ ದಾರಿ ಇದೆ. ಅದೇ ಮಾದರಿಯ ಎಂಜಿನ್‌ಗೆ ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕಿ, ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬಹುದು. ಆದರೆ ‘2 ಸಿಲಿಂಡರ್, 702 ಸಿಸಿ’ ಇರುವ ಕಡೆ ‘4 ಸಿಲಿಂಡರ್, 1,405 ಸಿಸಿ’ ಬರೆಸುವುದು ಬೇರೆ ಮಾತು. ಒಪ್ಪಿಗೆ ಇಲ್ಲದೆ ಬದಲಿಸಿದರೆ 182ಎ ಕಲಮಿನಂತೆ ಪ್ರತಿ ಬದಲಾವಣೆಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಿಮ್ಮ ಗಾಡಿ ಎಂಟು ವರ್ಷ ದಾಟಿರುವುದರಿಂದ ಪ್ರತಿ ವರ್ಷ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗಬೇಕು, ಪ್ರತಿ ವರ್ಷ ಸಿಕ್ಕಿಬೀಳುವ ಭಯ. ಅಪಘಾತವಾದರೆ ವಿಮಾ ಕಂಪನಿ ಕೇಳುವ ಮೊದಲ ಕಾಗದ ಆರ್‌ಸಿ. ಎಂಜಿನ್ ನಂಬರ್ ತಾಳೆಯಾಗದಿದ್ದರೆ ಕ್ಲೇಮ್ ತಳ್ಳಿಹಾಕಲು ಅವರಿಗೆ ನೀವೇ ಕಾರಣ ಕೊಟ್ಟಂತೆ. ಮಾರುವಾಗಲೂ ಇದೇ ಗೋಳು.

ಈಗ ನಿಮ್ಮ ಹಳೆಯ ಎಂಜಿನ್. ಕೆಳಗಿನದನ್ನು ಇದೇ ಕ್ರಮದಲ್ಲಿ ಮಾಡಿಸಿ, ಅಗ್ಗದ್ದು ಮೊದಲು.

ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಸಿ, ಪಂಪ್‌ನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂಗೆ ತಾಗುತ್ತದೆಯೇ ನೋಡಿ. ಕೇಬಲ್ ಎಳೆದುಹೋಗಿ ಲಿವರ್ ಮುಕ್ಕಾಲು ದಾರಿಯಲ್ಲೇ ನಿಂತ ಗಾಡಿಗಳಿಗೆ ಎಂಜಿನ್ ಕೆಲಸ ಮಾಡಿಸಿದವರಿದ್ದಾರೆ. ಏರ್ ಫಿಲ್ಟರ್ ಬಡಿದು ಹಾಕಬೇಡಿ, ಹೊಸದು ಹಾಕಿ. ಡೀಸೆಲ್ ಫಿಲ್ಟರ್ ಬದಲಿಸಿ, ಕೆಳಗಿನ ನೀರು ಬಸಿಯಿರಿ. ಪಂಪ್‌ಗೆ ಹೋಗುವ ಲೈನ್‌ನಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿ ಓಡಿಸಿದರೆ ಗಾಳಿ ಗುಳ್ಳೆ ಬರುತ್ತಿದೆಯೇ ಅನ್ನುವುದು ಕಣ್ಣಿಗೇ ಕಾಣುತ್ತದೆ. ನಾಲ್ಕೂ ಚಕ್ರ ಒಂದೊಂದಾಗಿ ಜಾಕ್ ಹಾಕಿ ಕೈಯಲ್ಲಿ ತಿರುಗಿಸಿ. ಹಿಂದಿನ ಡ್ರಮ್ ಹಿಡಿದುಕೊಂಡಿದ್ದರೆ ಇರುವ 14 ಎಚ್‌ಪಿಯಲ್ಲಿ ಒಂದೆರಡು ಅಲ್ಲೇ ಹೋಗುತ್ತದೆ. ಟಾಪ್ ಗೇರ್‌ನಲ್ಲಿ 40ರಲ್ಲಿ ಹೋಗುತ್ತಾ ಪೂರ್ತಿ ಒತ್ತಿದಾಗ ಎಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಕ್ಲಚ್ ಹೋಗಿದೆ.

ಆಮೇಲೆ ನಾಜಲ್, ಅಂದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ. ಬಿಚ್ಚಿಸಿ ಟೆಸ್ಟರ್ ಮೇಲೆ ಹಾಕಿಸಿ. ಈ ಬಗೆಯ ಎಂಜಿನ್‌ಗಳ ಪಿಂಟಲ್ ನಾಜಲ್ ಸಾಮಾನ್ಯವಾಗಿ 120-150 ಬಾರ್‌ನಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮದಕ್ಕೆ ಎಷ್ಟು ಅನ್ನುವುದನ್ನು ಸರ್ವಿಸ್ ಪುಸ್ತಕದಿಂದ ತೆಗೆಸಿ. ತೆರೆಯುವ ಒತ್ತಡಕ್ಕಿಂತ 10 ಬಾರ್ ಕಡಿಮೆಯಲ್ಲಿ ಹಿಡಿದಾಗ 10 ಸೆಕೆಂಡ್ ತುದಿಯಲ್ಲಿ ಹನಿ ಕಟ್ಟಬಾರದು. ಹನಿ ಕಟ್ಟುವ ನಾಜಲ್ ಕಪ್ಪು ಹೊಗೆ ಕೊಡುತ್ತದೆ, ಆಯಿಲ್ ತೆಳುವಾಗಿಸುತ್ತದೆ, ಕೊನೆಗೆ ಪಿಸ್ಟನ್ ತಲೆ ಕರಗಿಸುತ್ತದೆ. ಈ ಹಂತದಲ್ಲಿ ಯಾರಾದರೂ ‘ಪಂಪ್ ಸ್ವಲ್ಪ ಏರಿಸಿಕೊಡ್ತೀನಿ, ಪಿಕಪ್ ಬರುತ್ತೆ’ ಅಂದರೆ ಒಪ್ಪಬೇಡಿ. ಇಲ್ಲಿನ ಎತ್ತರಕ್ಕೆ ಗಾಳಿಯೇ ಕಡಿಮೆ. ಹೆಚ್ಚು ಬಿಟ್ಟ ಡೀಸೆಲ್ ಬಹುಪಾಲು ಹೊಗೆಯೇ ಆಗುತ್ತದೆ. ಎಮಿಷನ್ ಟೆಸ್ಟ್‌ನಲ್ಲಿ ಬಿಎಸ್4 ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆಯ ಮಿತಿ (ಟೆಸ್ಟ್ ಚೀಟಿಯ ಕೆ ಮೌಲ್ಯ) 1.62, ಅದಕ್ಕಿಂತ ಹಳೆಯದಕ್ಕೆ 2.45. ಏರಿಸಿದ ಪಂಪ್ ಅದನ್ನು ದಾಟಿಸುತ್ತದೆ.

ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸ್) ನೋಡಲು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ತೆಗೆದು ತಲೆಕೆಳಗಾಗಿ ಬಾಯಿಯ ಮೇಲಿಡಿ. ಸ್ವಲ್ಪ ನಡುಗಿದರೆ ತೊಂದರೆ ಇಲ್ಲ. ಹಾರಿ ಬಿದ್ದರೆ, ಡಿಪ್‌ಸ್ಟಿಕ್ ತೂತಿನಿಂದ ರೈಲು ಎಂಜಿನ್ ಥರ ಹೊಗೆ ಬಂದರೆ ರಿಂಗ್ ಅಥವಾ ಬೋರ್ ಸವೆದಿದೆ. ಆದರೆ ಇದೊಂದನ್ನೇ ನಂಬಿ ಎಂಜಿನ್ ಇಳಿಸಬೇಡಿ, ಕಂಪ್ರೆಷನ್ ಅಳೆಸಿ. ಪೆಟ್ರೋಲ್ ಗಾಡಿಯ ಗೇಜ್ ಇದಕ್ಕೆ ಆಗದು, ಕನಿಷ್ಠ 40 ಬಾರ್ ತೋರಿಸುವ ಡೀಸೆಲ್ ಗೇಜ್ ಬೇಕು, ಹೀಟರ್ ಪ್ಲಗ್ ತೂತಿಗೆ ಹೊಂದುವ ಅಡಾಪ್ಟರ್ ಸಮೇತ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಡೀಸೆಲ್ ಕಟ್ ಮಾಡಿರಲಿ. 25 ಬಾರ್ ಮೇಲಿದ್ದು ಎರಡು ಸಿಲಿಂಡರ್ ನಡುವೆ 3 ಬಾರ್‌ಗಿಂತ ಕಡಿಮೆ ವ್ಯತ್ಯಾಸವಿದ್ದರೆ ಈ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. 20ರ ಕೆಳಗೆ ಬಂದರೆ ಬಿಚ್ಚಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. ಕಂಪ್ರೆಷನ್ ಕಡಿಮೆ ಬಂದಾಗ ಸಿಲಿಂಡರ್‌ಗೆ ಆಯಿಲ್ ಸುರಿದು ಮತ್ತೆ ಅಳೆದು, ‘ಏರಿತು, ಹಾಗಾದರೆ ರಿಂಗ್ ಹೋಗಿದೆ’ ಅನ್ನುವ ಅಭ್ಯಾಸ ಪೆಟ್ರೋಲ್ ಎಂಜಿನ್‌ನಿಂದ ಬಂದದ್ದು. ನಿಮ್ಮ ಎಂಜಿನ್‌ನ ಒಂದು ಸಿಲಿಂಡರ್ 351 ಸಿಸಿ. ಕಂಪ್ರೆಷನ್ ಅನುಪಾತ 22ರ ಆಸುಪಾಸು ಎಂದುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಹದಿನೇಳು ಸಿಸಿಯೂ ಇಲ್ಲ. ಒಂದು ಟೀ ಚಮಚ, ಅಂದರೆ 5 ಸಿಸಿ ಆಯಿಲ್ ಹಾಕಿದರೆ ಅನುಪಾತವೇ 31ಕ್ಕೆ ಏರುತ್ತದೆ. ರಿಂಗ್ ಹೊಸದಿದ್ದರೂ ಗೇಜ್ ಮೇಲೆ ಹೋಗಿಯೇ ಹೋಗುತ್ತದೆ. ಮೂರು ನಾಲ್ಕು ಚಮಚ ಸುರಿದು ಸೆಲ್ಫ್ ಹೊಡೆದರಂತೂ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದರ ಬದಲು ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲಕ್ಕೆ ತಂದು, ಗಾಡಿ ಉರುಳದಂತೆ ಗೇರ್‌ನಲ್ಲಿ ಹಿಡಿದು, ಹೀಟರ್ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿಸಿ ಕಿವಿ ಕೊಡಿ. ಆಯಿಲ್ ಬಾಯಲ್ಲಿ ಸುಯ್ ಅಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಅಂದರೆ ಇನ್‌ಲೆಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು.

ಬಿಚ್ಚುವುದು ಖಚಿತವಾದರೆ ಕೆಲಸ ಅರ್ಧಂಬರ್ಧ ಮಾಡಿಸಬೇಡಿ. ‘ರಿಂಗ್ ಮಾತ್ರ ಹಾಕೋಣ’ ಅನ್ನುವುದು ಬೋರ್ ಅಂಡಾಕಾರವಾಗಿರದಿದ್ದರೆ ಮಾತ್ರ ಸರಿ. ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಸಿ, ಆರು ಸಂಖ್ಯೆಗಳನ್ನು ಚೀಟಿಯಲ್ಲಿ ಕೇಳಿ. ಕಲಾಸಿಪಾಳ್ಯದ ಒಳ್ಳೆಯ ಲೇತ್‌ನವರು ಕೇಳದೆಯೇ ಬರೆದುಕೊಡುತ್ತಾರೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು ಬೋರ್ ಮಾಡಬೇಕು. ಬೋರ್ ಮೊದಲು, ಪಿಸ್ಟನ್ ಆಮೇಲೆ ಅಂದರೆ ಗ್ಯಾಪ್ ಅದೃಷ್ಟಕ್ಕೆ ಬಿಟ್ಟಂತೆ. ರಿಂಗನ್ನು ಬೋರ್ ಒಳಗೆ ನೇರ ಕೂರಿಸಿ ಬಾಯಿಯ ಗ್ಯಾಪ್ ಅಳೆಸಿ. 75 ಮಿ.ಮೀ. ಬೋರ್‌ಗೆ ಸುಮಾರು 0.25-0.35 ಮಿ.ಮೀ. ಹೆಡ್ ಪ್ರೆಷರ್ ಟೆಸ್ಟ್ ಆಗಲಿ, ವಾಲ್ವ್‌ಗಳ ನಡುವಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹೆಡ್‌ನ ಮೈ 0.05 ಮಿ.ಮೀ.ಗಿಂತ ಹೆಚ್ಚು ಸೊಟ್ಟಗಿರಬಾರದು. ಸಿಕ್ಕಾಪಟ್ಟೆ ಪ್ಲೇನಿಂಗ್ ಮಾಡಿದರೆ ವಾಲ್ವ್ ಪಿಸ್ಟನ್‌ಗೆ ಹತ್ತಿರ ಬರುತ್ತದೆ. ಕ್ರ್ಯಾಂಕ್ ಅಳೆಸಿ, ಆಯಿಲ್ ಪಂಪ್, ಟೈಮಿಂಗ್ ಬೆಲ್ಟ್ ಕಿಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್ ಈಗಲೇ ನೋಡಿಸಿ. ರೇಡಿಯೇಟರ್ ಒಳಗಿನ ಕೆಸರು ತೆಗೆಸಿ. ಬಿಸಿ ಆಗುತ್ತದೆ ಅಂತ ಥರ್ಮೋಸ್ಟಾಟ್ ತೆಗೆದು ಬಿಸಾಡುವುದು ಬೇಡ. ತಣ್ಣಗೆ ಓಡುವ ಡೀಸೆಲ್ ಎಂಜಿನ್ ಬೋರ್ ಬೇಗ ಸವೆಸುತ್ತದೆ.

ಕೆಲಸ ಮುಗಿದ ಮೇಲೆ ನಿಲ್ಲಿಸಿಕೊಂಡು ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸುವುದು ಹಳೆಯ ಕೆಟ್ಟ ಅಭ್ಯಾಸ. ರಿಂಗ್ ಕೂರಲು ಒತ್ತಡ ಬೇಕು, ಐಡಲ್‌ನಲ್ಲಿ ಬೋರ್ ನುಣ್ಣಗಾಗಿ ಆಯಿಲ್ ಕುಡಿಯಲು ಶುರುವಾಗುತ್ತದೆ. ಅರ್ಧ ಲೋಡ್, ವೇಗ ಬದಲಿಸುತ್ತಾ 500 ಕಿ.ಮೀ., ಆಗ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇನ್ನೊಂದು 500 ಅದೇ ರೀತಿ. ಆಮೇಲೆ ಪೂರ್ತಿ ಲೋಡ್, ಅಂದರೆ 1,550 ಕೆಜಿಯ ಒಳಗಿನ ಲೋಡ್.

ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಗ್ರೈಂಡಿಂಗ್‌ಗೂ ಉಳಿದಿಲ್ಲದಿದ್ದರೆ ಮಾತ್ರ ಅದೇ 702 ಸಿಸಿಯ ಇನ್ನೊಂದು ಎಂಜಿನ್ ಹುಡುಕಿ. ಶಿವಾಜಿನಗರದ ಗುಜರಿಯಲ್ಲಿ ಕೊಳ್ಳುವಾಗ ಎಂಜಿನ್ ನಂಬರ್ ಉಜ್ಜಿರಬಾರದು, ಮೂಲ ಗಾಡಿಯ ಆರ್‌ಸಿ ಪ್ರತಿ ಮತ್ತು ಬಿಲ್ ಕೈಗೆ ಬರಬೇಕು. ಇವಿಲ್ಲದ ಎಂಜಿನ್ ಕದ್ದ ಗಾಡಿಯದ್ದಾದರೆ ಠಾಣೆಗೆ ಹೋಗಬೇಕಾದವರು ನೀವು. ಕೂರಿಸುವ ಮೊದಲೇ ಆರ್‌ಟಿಒ ಒಪ್ಪಿಗೆ ಕೇಳಿ, ಸಾಲವಿದ್ದರೆ ಫೈನಾನ್ಸ್‌ನವರ ಪತ್ರ ಜೊತೆಗಿರಲಿ, ಆಮೇಲೆ ವಿಮೆಯಲ್ಲೂ ನಂಬರ್ ಬದಲಿಸಿ.

ಇಷ್ಟೆಲ್ಲ ಸರಿ ಮಾಡಿಸಿದರೂ ನಿಯಮದ ಪ್ರಕಾರ ಏಸ್ ಹೊರುವುದು ಇಬ್ಬರು ಕೂತಾಗ 37 ಬಾಕ್ಸ್. ನಿಮ್ಮ ವ್ಯಾಪಾರಕ್ಕೆ ಅಷ್ಟು ಸಾಕಾದರೆ ಮೇಲಿನ ರಿಪೇರಿ ಮಾಡಿಸಿ, ಗಾಡಿ ಇನ್ನೂ ಕೆಲ ವರ್ಷ ದುಡಿಯುತ್ತದೆ. 80 ಬಾಕ್ಸೇ ಬೇಕೆಂದರೆ ₹1.40 ಲಕ್ಷವನ್ನು ಮುಂಗಡವಾಗಿಟ್ಟು ಏಸ್ ಮಾರಿ, ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ನೋಡಿ. ಅಶೋಕ್ ಲೇಲ್ಯಾಂಡ್ ದೋಸ್ತ್ ಒಂದೂಕಾಲು ಟನ್, ಟಾಟಾ ಇಂಟ್ರಾ ವಿ30 1.3 ಟನ್. ಇಬ್ಬರು ಕೂತಾಗ ದೋಸ್ತ್‌ಗೆ 67, ಇಂಟ್ರಾಗೆ 70 ಬಾಕ್ಸ್ ಹಾಕಿ ನಿಲ್ಲಿಸಿ. 80 ಬೇಕೆನ್ನುವವರು ಬೊಲೆರೊ ಪಿಕಪ್‌ನ ಒಂದೂವರೆ ಟನ್ ವರ್ಗಕ್ಕೆ ಹೋಗಬೇಕು. ಡೀಸೆಲ್ ಖರ್ಚು ಹೆಚ್ಚುತ್ತದೆ, ನಿಜ. ತಿಂಗಳಿಗೆ 25 ದಿನ, 3,000 ಕಿ.ಮೀ. ಅಂದರೆ ಮೈಲೇಜ್ 14ರಿಂದ 12ಕ್ಕೆ ಇಳಿದರೆ 36 ಲೀಟರ್ ಹೆಚ್ಚು, ಲೀಟರ್‌ಗೆ ₹90 ಹಿಡಿದರೆ ₹3,240. ದಿನಕ್ಕೆ 80 ಬಾಕ್ಸಿನ ಮೇಲೆ ಹಂಚಿದರೆ ಬಾಕ್ಸಿಗೆ ಒಂದು ರೂಪಾಯಿ ಅರವತ್ತೆರಡು ಪೈಸೆ.

ಕೊಳ್ಳುವ ಗಾಡಿಗೂ ಮೇಲೆ ಹೇಳಿದ ಬ್ಯಾಕ್ ಕಂಪ್ರೆಷನ್ ಪರೀಕ್ಷೆ ಮಾಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಬಿಎಸ್6 ಆದರೆ ಕೀ ತಿರುಗಿಸಿದಾಗ ಎಂಜಿನ್ ಲೈಟ್ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ಬಲ್ಬ್ ತೆಗೆದಿದ್ದಾರೆ. ಲೋಡ್ ಬಾಡಿಯ ಕೆಳಗೆ ತೂರಿ ಚಾಸಿಯಲ್ಲಿ, ಹಿಂದಿನ ಸ್ಪ್ರಿಂಗ್ ಬ್ರ್ಯಾಕೆಟ್ ಸುತ್ತ ಹೊಸ ಪೇಂಟ್ ಇದ್ದರೆ ಕೆರೆದು ನೋಡಿ, ಅದರ ಕೆಳಗೆ ವೆಲ್ಡಿಂಗ್ ಇರಬಹುದು.